ನರ ಬತ್ತಿದ ತೋಳುಗಳು

ಶಾಯಿ ಪೆನ್ನಿನ ಕಾಲದವರಿಗೆ ಡ್ರಾಪರ್ ಗೊತ್ತಿರುತ್ತದೆ. ಸಣ್ಣದೊಂದು ಕೊಳವೆ, ಅದರ ತಲೆಗೊಂದು ರಬ್ಬರಿನ ಬುರುಡೆ. ಒತ್ತಿ ಬಿಟ್ಟರೆ ದೌತಿಯ ಶಾಯಿ ಸರಕ್ಕನೆ ಮೇಲೇರುತ್ತದೆ. 1980ರ ದಶಕದ ಕೊನೆಯಲ್ಲಿ ಮಣಿಪುರದ ಇಂಫಾಲದಲ್ಲಿ ಹೆರಾಯಿನ್‌ಗೆ ಬಿದ್ದಿದ್ದ ಹುಡುಗರ ಕೈಯಲ್ಲಿ ಈ ಡ್ರಾಪರೇ ಸಿರಿಂಜಾಗಿತ್ತು. ಅದರ ತುದಿಗೆ ಎಲ್ಲಿಂದಲೋ ಸಿಕ್ಕಿದ ಒಂದು ಸೂಜಿ. ಆ ಒಂದು ಸೂಜಿ ಸಂಜೆಯೊಳಗೆ ನಾಲ್ಕಾರು ತೋಳುಗಳನ್ನು ನೋಡಿ ಬರುತ್ತಿತ್ತು. ರಬ್ಬರ್ ಬುರುಡೆಯೊಳಗೆ ಸೇರಿದ ರಕ್ತ ಎಷ್ಟು ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ತೊಳೆಯುವ ವ್ಯವಧಾನವಾದರೂ ಯಾರಿಗಿತ್ತು?

ಸಿರಿಂಜು ಅಷ್ಟೇನೂ ದುಬಾರಿಯ ವಸ್ತುವಲ್ಲ. ಆದರೂ ಆ ಊರಿನಲ್ಲಿ ಅದು ದುರ್ಲಭವಾಗಿತ್ತು. ವೈದ್ಯರ ಚೀಟಿ ಇಲ್ಲದೆ ಔಷಧ ಅಂಗಡಿಗಳು ಕೊಡುತ್ತಿರಲಿಲ್ಲ. ಜೇಬಿನಲ್ಲಿ ಸೂಜಿ ಸಿಕ್ಕರೆ ಪೊಲೀಸರು ಎಳೆದೊಯ್ಯುತ್ತಿದ್ದರು. ಇನ್ನೊಂದು ಕಡೆ ಭೂಗತ ಸಂಘಟನೆಗಳು ವ್ಯಸನಿಗಳ ಕಾಲಿಗೆ ಗುಂಡಿಕ್ಕಿ ‘ಬುದ್ಧಿ’ ಕಲಿಸುತ್ತಿದ್ದವು. ಬೇರೆ ದಾರಿ ಕಾಣದ ಅಪ್ಪ ಅಮ್ಮಂದಿರು ಮಗನನ್ನು ಜೈಲಿಗೆ ಹಾಕಿ ಎಂದು ತಾವೇ ಅರ್ಜಿ ಕೊಟ್ಟದ್ದೂ ಉಂಟು. ಸೂಜಿ ಇಟ್ಟುಕೊಳ್ಳುವುದೇ ಅಪಾಯವಾದಾಗ ಯಾರೂ ತಮ್ಮದೊಂದನ್ನು ಇಟ್ಟುಕೊಳ್ಳಲಿಲ್ಲ. ಎಲ್ಲಿ ಸಿಕ್ಕಿತೋ ಅಲ್ಲಿ, ಯಾರದು ಸಿಕ್ಕಿತೋ ಅದರಲ್ಲಿ ಚುಚ್ಚಿಕೊಂಡರು.

1989ರ ಅಕ್ಟೋಬರ್‌ನಲ್ಲಿ ಅಲ್ಲಿನ ವ್ಯಸನಿಗಳಿಂದ ಸಂಗ್ರಹಿಸಿದ್ದ ರಕ್ತದ ಮಾದರಿಗಳಲ್ಲಿ ಎಚ್‌ಐವಿ ಇರುವುದು 1990ರ ಫೆಬ್ರುವರಿಯಲ್ಲಿ ಖಚಿತವಾಯಿತು. ಅದಾದ ಕೆಲವೇ ತಿಂಗಳಲ್ಲಿ, ಪರೀಕ್ಷೆಗೊಳಗಾದ ಚುಚ್ಚುಮದ್ದು ವ್ಯಸನಿಗಳಲ್ಲಿ ಅರ್ಧದಷ್ಟು ಮಂದಿಗೆ ಸೋಂಕು ತಗುಲಿತ್ತು. ಭಾರತದಲ್ಲಿ ಎಚ್‌ಐವಿ ಮೊದಲು ಕಂಡದ್ದು 1986ರಲ್ಲಿ, ಚೆನ್ನೈನಲ್ಲಿ, ಲೈಂಗಿಕ ಸಂಪರ್ಕದಿಂದ ಹರಡಿದ ಸೋಂಕಾಗಿ. ಮಣಿಪುರದಲ್ಲಿ ಅದು ರಕ್ತದಿಂದ ರಕ್ತಕ್ಕೆ ನೇರವಾಗಿ ದಾಟಿತು. ಆ ವೇಗಕ್ಕೆ ಆರೋಗ್ಯ ಇಲಾಖೆ ತಯಾರಿರಲಿಲ್ಲ.

ಸಾವಿರಾರು ಮೈಲಿ ದೂರದ ಸ್ಕಾಟ್ಲೆಂಡಿನಲ್ಲಿ ಇದೇ ಕಥೆ ಅದಾಗಲೇ ನಡೆದುಹೋಗಿತ್ತು. 80ರ ದಶಕದ ಆರಂಭದಲ್ಲಿ ಎಡಿನ್‌ಬರೋ ನಗರದ ಪೊಲೀಸರು ಸಿರಿಂಜುಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡರು, ಅಂಗಡಿಯವರು ಮಾರುವುದನ್ನು ನಿಲ್ಲಿಸಿದರು. ಮ್ಯೂರ್‌ಹೌಸ್ ಎಂಬ ಬಡ ಬಡಾವಣೆಯಲ್ಲಿ ವೈದ್ಯರಾಗಿದ್ದ ರಾಯ್ ರಾಬರ್ಟ್‌ಸನ್ ತಮ್ಮ ಬಳಿ ಬರುತ್ತಿದ್ದ ಹೆರಾಯಿನ್ ವ್ಯಸನಿಗಳ ರಕ್ತ ಪರೀಕ್ಷೆ ಮಾಡಿಸಿದರು. 164 ಮಂದಿಯಲ್ಲಿ ಶೇ 51ರಷ್ಟು ಜನರಿಗೆ ಎಚ್‌ಐವಿ ಇತ್ತು. 1986ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ ಎಡಿನ್‌ಬರೋಗೆ ‘ಯುರೋಪಿನ ಏಡ್ಸ್ ರಾಜಧಾನಿ’ ಎಂಬ ಬಿರುದು ಬಂತು. ಎಪ್ಪತ್ತು ಕಿಲೋಮೀಟರ್ ಆಚೆಗಿನ ಗ್ಲಾಸ್ಗೋದಲ್ಲೂ ಹೆರಾಯಿನ್ ಹೇರಳವಾಗಿತ್ತು. ಸೋಂಕು ಮಾತ್ರ ಬಹಳ ಕಡಿಮೆ. ವ್ಯತ್ಯಾಸ ಇದ್ದದ್ದು ಸೂಜಿ ಸಿಗುವುದರಲ್ಲಿ.

ಹೆರಾಯಿನ್ ಚುಚ್ಚಿಕೊಳ್ಳುವವರ ದೇಹದಲ್ಲಿ ಏನೇನಾಗುತ್ತದೆ ಎಂದು ವಿವರಿಸಲು ಹೊರಟಾಗ ಈ ಎರಡು ಊರುಗಳಿಂದಲೇ ಶುರುಮಾಡಬೇಕು ಅನ್ನಿಸಿತು. ಏಕೆಂದರೆ ನಾವು ಒಂದೇ ಎಂದುಕೊಂಡಿರುವುದು ಇಲ್ಲಿ ಎರಡು. ಹೆರಾಯಿನ್ ಎಂಬ ರಾಸಾಯನಿಕ ಮಾಡುವ ಹಾನಿ ಒಂದು. ಕೊಳಕು ಸೂಜಿ, ಕೊಳಕು ನೀರು, ಕಲಬೆರಕೆ ಪುಡಿ, ಕತ್ತಲ ಮೂಲೆ, ಸಿಕ್ಕಿಬೀಳುವ ಭಯ ಇವೆಲ್ಲ ಸೇರಿ ಮಾಡುವ ಹಾನಿ ಇನ್ನೊಂದು. ಮೊದಲನೆಯದು ಉಸಿರು ನಿಲ್ಲಿಸಬಲ್ಲದು. ಎರಡನೆಯದು ತೋಳು, ಕಾಲು, ಯಕೃತ್ತು, ಹೃದಯಗಳನ್ನು ಒಂದೊಂದಾಗಿ ತಿನ್ನುತ್ತದೆ. ಆಸ್ಪತ್ರೆಯ ವಾರ್ಡುಗಳಲ್ಲಿ ಮಲಗಿರುವವರ ಪೈಕಿ ಹೆಚ್ಚಿನವರು ಎರಡನೆಯದರ ಗಾಯಾಳುಗಳು. ತಡೆಯಬಹುದಾಗಿದ್ದದ್ದೂ ಅದೇ.

ಮೊದಲು ರಾಸಾಯನಿಕದ ವಿಷಯ. 1874ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಆಲ್ಡರ್ ರೈಟ್ ಎಂಬ ರಸಾಯನಶಾಸ್ತ್ರಜ್ಞ ಅಫೀಮಿನ ಮಾರ್ಫಿನ್‌ನಿಂದ ಇದನ್ನು ಮೊದಲು ತಯಾರಿಸಿದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ತಂದಿತು. ಕೆಮ್ಮಿಗೆ ಅದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಮಿದುಳಿನ ಕಾಂಡದಲ್ಲಿ ಕೆಮ್ಮು ಮತ್ತು ಉಸಿರಾಟ ನೋಡಿಕೊಳ್ಳುವ ಕೇಂದ್ರಗಳನ್ನೇ ಅದು ಮಂಕು ಮಾಡುತ್ತದಲ್ಲ! ಮಾರ್ಫಿನ್‌ಗಿಂತ ಬೇಗ ಮಿದುಳಿನ ಒಳಗೆ ನುಗ್ಗುವುದು ಇದರ ವಿಶೇಷ. ಒಳಹೊಕ್ಕ ಮೇಲೆ ಮತ್ತೆ ಮಾರ್ಫಿನ್ ಆಗಿ ಒಡೆಯುತ್ತದೆ. ಚುಚ್ಚಿಕೊಂಡರೆ ಇಷ್ಟೆಲ್ಲ ನಡೆಯಲು ಕೆಲವು ಸೆಕೆಂಡುಗಳು ಸಾಕು.

ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ‘ಉಸಿರೆಳೆದುಕೋ’ ಎಂದು ಮಿದುಳು ಆಜ್ಞೆ ಕೊಡುತ್ತದೆ. ನಿದ್ದೆಯಲ್ಲೂ ನಾವು ಬದುಕಿರುವುದು ಆ ಆಜ್ಞೆಯಿಂದ. ಹೆರಾಯಿನ್ ಮಂಕಾಗಿಸುವುದು ಅದನ್ನೇ. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಆಡುವ ಉಸಿರು ಎಂಟಕ್ಕೆ, ಐದಕ್ಕೆ ಇಳಿಯುತ್ತದೆ. ಆಮೇಲೆ ಗಂಟಲಿನಲ್ಲಿ ಗೊರಗೊರ ಸದ್ದು. ಗಾಢ ನಿದ್ದೆಯ ಗೊರಕೆ ಎಂದುಕೊಂಡು ಪಕ್ಕದವರು ಸುಮ್ಮನಾಗುವುದು ಇಲ್ಲಿಯೇ. ತುಟಿ, ಉಗುರು ನೀಲಿಗಟ್ಟುತ್ತವೆ. ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟಕ್ಕೆ ಕಿರಿದಾಗುತ್ತದೆ. ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದ್ದರೆ ಅಪಾಯ ಹಲವು ಪಟ್ಟು.

ನಲಾಕ್ಸೋನ್ ಎಂಬ ಔಷಧ ಮಿದುಳಿನ ಗ್ರಾಹಕಗಳಿಂದ ಹೆರಾಯಿನ್‌ ಅನ್ನು ತಳ್ಳಿಹಾಕಿ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ನೋಡಿದವರಿಗೆ ಸತ್ತವರು ಎದ್ದು ಕೂತಂತೆ. ಆದರೆ ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಒಳಗಿನ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ವ್ಯಕ್ತಿ ಮತ್ತೆ ಮುಳುಗುತ್ತಾನೆ. ಹಾಗಾಗಿ ಎಚ್ಚರವಾದ ಮೇಲೂ ಆಸ್ಪತ್ರೆ ತಪ್ಪಿಸುವಂತಿಲ್ಲ. ಈ ಔಷಧವನ್ನು ವ್ಯಸನಿಗಳ ಮನೆಯವರ, ಗೆಳೆಯರ ಕೈಗೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮಲ್ಲಿ ಇಂದಿಗೂ ಬಹುತೇಕ ಆಸ್ಪತ್ರೆಯ ಕಪಾಟಿನಲ್ಲೇ ಇದೆ. ಉಪ್ಪುನೀರು ಚುಚ್ಚುವುದು, ಹಾಲು ಕುಡಿಸುವುದು, ತಣ್ಣೀರಿನಲ್ಲಿ ಅದ್ದುವುದು ಇವೆಲ್ಲ ಹಳೆಯ ಮೂಢನಂಬಿಕೆಗಳು. ಕೆಲವು ನೇರವಾಗಿ ಕೊಲ್ಲುತ್ತವೆ. 108ಕ್ಕೆ ಕರೆಮಾಡಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಗೊತ್ತಿದ್ದವರು ಕೊಟ್ಟು, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸುವುದು ಸರಿಯಾದ ಕ್ರಮ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಉಳಿದ ತೊಂದರೆಗಳು ಇಷ್ಟು ನಾಟಕೀಯವಲ್ಲ. ಮಲಬದ್ಧತೆ ಅಂಥದ್ದೊಂದು. ಹೆರಾಯಿನ್ ಕೊಡುವ ಸುಖಕ್ಕೆ ದೇಹ ಬೇಗನೆ ಒಗ್ಗಿಕೊಳ್ಳುತ್ತದೆ, ಪ್ರಮಾಣ ಏರುತ್ತಲೇ ಹೋಗುತ್ತದೆ. ಕರುಳು ಮಾತ್ರ ಎಷ್ಟು ವರ್ಷವಾದರೂ ಒಗ್ಗುವುದಿಲ್ಲ. ಗಂಡಸರಲ್ಲಿ ಪುರುಷ ಹಾರ್ಮೋನು ಕುಸಿಯುತ್ತದೆ, ಹೆಂಗಸರ ಮುಟ್ಟು ತಪ್ಪುತ್ತದೆ. ಹೇಗೂ ಮುಟ್ಟು ನಿಂತಿದೆ, ಗರ್ಭ ನಿಲ್ಲುವುದಿಲ್ಲ ಎಂದುಕೊಂಡವರಿಗೆ ಐದನೆಯ ತಿಂಗಳಲ್ಲಿ ಗೊತ್ತಾಗುವುದುಂಟು. ಆಗ ಹೆದರಿ ಒಮ್ಮೆಲೇ ಎಲ್ಲ ಬಿಡುವುದೂ ಮಗುವಿಗೆ ಒಳ್ಳೆಯದಲ್ಲ. ವೈದ್ಯರು ಬುಪ್ರಿನಾರ್ಫಿನ್ ಅಥವಾ ಮೆಥಡೋನ್ ಎಂಬ ಪರ್ಯಾಯ ಔಷಧಕ್ಕೆ ದಾಟಿಸುತ್ತಾರೆ.

ಇನ್ನು ಸೂಜಿಯ ಕಡೆಯ ಕಥೆ.

ಮೊಣಕೈ ಮಡಿಚುವ ಜಾಗದಲ್ಲಿ ರಕ್ತ ಪರೀಕ್ಷೆಗೆ ಸೂಜಿ ಹಾಕುತ್ತಾರಲ್ಲ, ಆ ನರ ಎಲ್ಲರಿಗೂ ಗೊತ್ತು. ದಪ್ಪ, ಮೇಲ್ಗಡೆಯೇ ಇರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಅಲ್ಲೇ ಚುಚ್ಚಿದರೆ ಅದರ ಒಳಗೋಡೆ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಗಾಯ ಮಾಯ್ದು ಗಟ್ಟಿಯಾಗುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಸುಣ್ಣ ಕಟ್ಟಿಕೊಂಡ ಹಾಗೆ ಒಂದು ದಿನ ಅದು ಪೂರ್ತಿ ಮುಚ್ಚಿಹೋಗುತ್ತದೆ. ಮುಟ್ಟಿದರೆ ಚರ್ಮದ ಕೆಳಗೆ ಹುರಿಯಂಥ ಗಟ್ಟಿ ಗೆರೆ ಸಿಗುತ್ತದೆ. ಮೇಲೆ ಕಪ್ಪಗಿನ ಚುಕ್ಕಿಗಳ ಸಾಲು. ಸುಡುಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಳ್ಳುವುದು ಇದಕ್ಕೇ. ಒಂದು ನರ ಹೋದರೆ ಇನ್ನೊಂದು, ಮುಂಗೈ, ಬೆರಳ ಸಂದು, ಪಾದ, ಕೊನೆಗೆ ತೊಡೆಸಂದು.

ತೊಡೆಸಂದಿನವರೆಗೆ ಹೋದವರ ಸ್ಥಿತಿ ಬೇರೆಯೇ. ಅಲ್ಲಿ ದೊಡ್ಡ ಅಭಿಧಮನಿ, ದೊಡ್ಡ ಅಪಧಮನಿ, ಕಾಲನ್ನು ಆಡಿಸುವ ನರತಂತು ಮೂರೂ ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಸೂಜಿ ಅಪಧಮನಿಗೆ ಬಿದ್ದರೆ ರಕ್ತ ಚಿಮ್ಮುತ್ತದೆ, ಕೆಳಗಿನ ಕಾಲಿಗೆ ರಕ್ತದ ಹರಿವು ನಿಂತು ಬೆರಳುಗಳು ಕಪ್ಪಾಗುತ್ತವೆ. ಸೋಂಕಿನಿಂದ ಅಪಧಮನಿಯ ಗೋಡೆ ಉಬ್ಬಿ ಒಡೆದರೆ ನಿಮಿಷಗಳ ಲೆಕ್ಕ. ಹಾಗಾಗದಿದ್ದರೂ ಕಾಲಿನ ಒಳನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಹೆರಾಯಿನ್ ಬಿಟ್ಟು ಹತ್ತು ವರ್ಷವಾದವರಲ್ಲೂ ಕಾಲಿನ ಹುಣ್ಣು ಮಾಯದೆ ರಸಿಗೆ ಸೋರುವುದನ್ನು ವೈದ್ಯರು ನೋಡುತ್ತಾರೆ. ಕೈಗಳದ್ದೂ ಅಷ್ಟೇ. ದುಗ್ಧರಸ ನಾಳಗಳು ಹಾಳಾದ ಮೇಲೆ ಅಂಗೈಯ ಹಿಂಭಾಗ ಮೆತ್ತಗೆ ಊದಿಕೊಂಡು ಮುಷ್ಟಿ ಕಟ್ಟಲು ಬಾರದಂತಾಗುತ್ತದೆ. ವ್ಯಸನ ಬಿಟ್ಟರೂ ಊತ ಇಳಿಯುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಕೀವು. ನಮ್ಮ ಚರ್ಮದ ಮೇಲೆ ಸದಾ ಇರುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳನ್ನು ಸೂಜಿ ಒಳಗೆ ಒಯ್ದು ಬಿಡುತ್ತದೆ. ಕೆಂಪು, ಬಿಸಿ, ನೋವಿನ ಗಡ್ಡೆ. ಮೊದಲ ದಿನವೇ ತೋರಿಸಿದರೆ ಆಂಟಿಬಯಾಟಿಕ್ ಮಾತ್ರೆಯಲ್ಲೇ ಮುಗಿಯಬಹುದಾದದ್ದು ಎಷ್ಟೋ ಸಲ. ತೋರಿಸುವುದಿಲ್ಲ. ‘ಇದು ಹೇಗಾಯಿತು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಹತ್ತು ದಿನ ಅರಿಶಿನ ಮೆತ್ತಿಕೊಂಡು, ಜ್ವರ ನೆತ್ತಿಗೇರಿದ ಮೇಲೆ ಬಂದಾಗ ಶಸ್ತ್ರಚಿಕಿತ್ಸಕರು ಮಾಂಸವನ್ನೇ ಕೆತ್ತಿ ತೆಗೆಯಬೇಕಾಗುತ್ತದೆ. ಮುಜುಗರವೂ ಒಂದು ರೋಗಕಾರಕ ಎಂದು ನಾನು ಹೇಳಿದರೆ ವೈದ್ಯರು ಒಪ್ಪದೆ ಇರಲಾರರು.

ಬ್ಯಾಕ್ಟೀರಿಯಾ ರಕ್ತದೊಂದಿಗೆ ಹರಿದುಹೋದರೆ ಮೊದಲು ತಲುಪುವುದು ಹೃದಯದ ಬಲಭಾಗಕ್ಕೆ. ಅಲ್ಲಿ ಮೂರು ಎಸಳಿನ ಟ್ರೈಕಸ್ಪಿಡ್ ಕವಾಟ ಇದೆ. ಕಲಬೆರಕೆ ಪುಡಿಯ ಕಣಗಳು ಬಡಿದು ಬಡಿದು ಅದರ ನುಣುಪು ಹೋಗಿರುತ್ತದೆ. ಒರಟಾದ ಕಡೆ ಬ್ಯಾಕ್ಟೀರಿಯಾ ಗೂಡು ಕಟ್ಟುತ್ತದೆ. ಉಳಿದ ರೋಗಿಗಳಲ್ಲಿ ಕವಾಟದ ಸೋಂಕು ಸಾಮಾನ್ಯವಾಗಿ ಹೃದಯದ ಎಡಭಾಗದಲ್ಲಿ ಕಾಣುತ್ತದೆ. ಬಲಗಡೆಯ ಕವಾಟದಲ್ಲಿ ಕಂಡರೆ ಅನುಭವಿ ವೈದ್ಯರು ರೋಗಿಯ ತೋಳು ನೋಡುತ್ತಾರೆ. ಆ ಗೂಡಿನ ಚೂರುಗಳು ಕಳಚಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಅಲ್ಲಲ್ಲಿ ಕೀವು ಕಟ್ಟುತ್ತವೆ. ಜ್ವರ, ಕೆಮ್ಮು, ಎದೆನೋವು, ತೂಕ ಇಳಿಯುವುದು. ನಮ್ಮ ದೇಶದಲ್ಲಿ ಇಷ್ಟು ಲಕ್ಷಣ ಕಂಡರೆ ಯಾರಾದರೂ ಮೊದಲು ಕ್ಷಯ ಎಂದೇ ಅಂದುಕೊಳ್ಳುತ್ತಾರೆ. ವಾರಗಟ್ಟಲೆ ಬೇರೆಯದೇ ಔಷಧ ನಡೆಯುತ್ತದೆ.

ಇದರ ಚಿಕಿತ್ಸೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ಆಂಟಿಬಯಾಟಿಕ್ ಕೊಡುವುದು. ಆದರೆ ಕೊಡಲು ನರ ಎಲ್ಲಿದೆ? ಒಬ್ಬ ನರ್ಸ್ ಆದ ಮೇಲೆ ಇನ್ನೊಬ್ಬರು ಬಂದು ತೋಳು ತಟ್ಟಿ, ಪಟ್ಟಿ ಬಿಗಿದು ಹುಡುಕುತ್ತಾರೆ. ಸಿಗದೆ ಕೊನೆಗೆ ಕುತ್ತಿಗೆಯ ದೊಡ್ಡ ನಾಳಕ್ಕೆ ಕೊಳವೆ ಹಾಕಬೇಕು. ಅಷ್ಟರಲ್ಲಿ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಕೊನೆಯ ಸಲ ಚುಚ್ಚಿಕೊಂಡು ಆರರಿಂದ ಹನ್ನೆರಡು ಗಂಟೆಯಾಗುವಾಗ ಆಕಳಿಕೆ ಶುರು, ಮೂಗು ಕಣ್ಣಲ್ಲಿ ನೀರು, ಮೈಯೆಲ್ಲ ನವಿರೇಳುವುದು, ಹೊಟ್ಟೆ ಹಿಂಡಿ ಭೇದಿ, ಮೂಳೆಯೊಳಗಿಂದ ನೋವು. ಎರಡನೆಯ ಮೂರನೆಯ ದಿನಕ್ಕೆ ಇದು ತಾರಕಕ್ಕೇರುತ್ತದೆ. ವಾರ್ಡಿನಲ್ಲಿ ಇದಕ್ಕೆ ಮದ್ದು ಕೊಡದಿದ್ದರೆ ರೋಗಿ ಕುತ್ತಿಗೆಯ ಕೊಳವೆ ಸಮೇತ ಓಡಿಹೋಗುತ್ತಾನೆ. ‘ಚಿಕಿತ್ಸೆಗೆ ಸಹಕರಿಸಲಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಹೃದಯದ ವೈದ್ಯರೂ ವ್ಯಸನದ ವೈದ್ಯರೂ ಒಂದೇ ಹಾಸಿಗೆಯ ಪಕ್ಕ ನಿಂತು ಮಾತಾಡಿದ್ದರೆ ಆತ ಉಳಿಯುತ್ತಿದ್ದ. ಇಂಥ ಏರ್ಪಾಡು ಇರುವ ಆಸ್ಪತ್ರೆಗಳು ನಮ್ಮಲ್ಲಿ ಎಷ್ಟಿವೆ?

ಪುಡಿಯಲ್ಲಿ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. 2009ರ ಡಿಸೆಂಬರ್‌ನಲ್ಲಿ ಗ್ಲಾಸ್ಗೋ ಆಸ್ಪತ್ರೆಗಳಿಗೆ ವಿಚಿತ್ರ ರೋಗಿಗಳು ಬರತೊಡಗಿದರು. ತೋಳು, ತೊಡೆ ವಿಪರೀತ ಬಾತಿವೆ, ಕೀವು ಮಾತ್ರ ಇಲ್ಲ. ಪರೀಕ್ಷೆ ಮಾಡಿದರೆ ಆಂಥ್ರಾಕ್ಸ್! ದನ ಕುರಿಗಳಿಗೆ ಬರುವ, ನಮ್ಮ ಹಳ್ಳಿಗಳ ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ನೆರಡಿ ರೋಗ, ಸ್ಕಾಟ್ಲೆಂಡಿನ ನಗರವಾಸಿಗಳಲ್ಲಿ. ಅನುಮಾನಿತ ಪ್ರಕರಣಗಳೂ ಸೇರಿ 119 ಮಂದಿ, 14 ಸಾವು. ಬ್ಯಾಕ್ಟೀರಿಯಾದ ವಂಶವಾಹಿಯನ್ನು ಪರಿಶೀಲಿಸಿದಾಗ ಅದು ಟರ್ಕಿಯ ಆಡುಗಳಲ್ಲಿ ಕಂಡ ತಳಿಗೆ ಹತ್ತಿರವಾಗಿತ್ತು. ಅಫ್ಘಾನಿಸ್ತಾನದಿಂದ ಯುರೋಪಿಗೆ ಸಾಗುವ ದಾರಿಯಲ್ಲಿ, ಬಹುಶಃ ಆಡಿನ ಚರ್ಮದ ಸಂಪರ್ಕದಿಂದ, ಬೀಜಕಣಗಳು ಪುಡಿಗೆ ಸೇರಿದ್ದವು. ಅದಕ್ಕೂ ಮುಂಚೆ 2000ದಲ್ಲಿ ಇದೇ ಗ್ಲಾಸ್ಗೋದಲ್ಲಿ ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಹತ್ತಾರು ಜನರನ್ನು ಕೊಂದಿತ್ತು. ಅಮೆರಿಕದಲ್ಲಿ ಈಗ ಪಶುಗಳಿಗೆ ಮಂಪರು ಬರಿಸುವ ಕ್ಸೈಲಜಿನ್ ಬೆರೆಯುತ್ತಿದೆ. ಚುಚ್ಚದ ಜಾಗದಲ್ಲೂ ಚರ್ಮ ಕೊಳೆಯುತ್ತದೆ, ಅದರ ಮಂಪರಿಗೆ ನಲಾಕ್ಸೋನ್ ಕೆಲಸ ಮಾಡುವುದಿಲ್ಲ.

ನಮ್ಮ ಈಶಾನ್ಯಕ್ಕೆ ಬಂದ ವಿಪತ್ತು ಇನ್ನೊಂದು ಬಗೆಯದು, ಅದೂ ಔಷಧ ಅಂಗಡಿಯಿಂದ. ಮ್ಯಾನ್ಮಾರ್ ಗಡಿಯ ಮೋರೆಯಿಂದ ಇಂಫಾಲಕ್ಕೆ ನೂರಹತ್ತು ಕಿಲೋಮೀಟರ್. ಅಲ್ಲಿಂದ ಬರುತ್ತಿದ್ದ ಬಿಳಿ ಪುಡಿಗೆ ಜನರ ಬಾಯಲ್ಲಿ ‘ನಂಬರ್ ಫೋರ್’ ಎಂದೇ ಹೆಸರು. ಅದು ಸಿಗದಾಗ, ದುಬಾರಿಯಾದಾಗ ಹುಡುಗರು ಸ್ಪಾಸ್ಮೋ ಪ್ರಾಕ್ಸಿವಾನ್ ಎಂಬ ಹೊಟ್ಟೆನೋವಿನ ನೀಲಿ ಕ್ಯಾಪ್ಸೂಲಿನ ಕಡೆ ತಿರುಗಿದರು. ನುಂಗಲಿಕ್ಕೆಂದು ಮಾಡಿದ ಆ ಪುಡಿ ನೀರಿನಲ್ಲಿ ಸರಿಯಾಗಿ ಕರಗುವಂಥದ್ದೇ ಅಲ್ಲ. ರಕ್ತನಾಳಕ್ಕೆ ಹೋದರೆ ಅದು ನಾಳವನ್ನು ಸುಡುತ್ತದೆ, ಮುಚ್ಚುತ್ತದೆ. ಮಿಜೋರಾಂ, ನಾಗಾಲ್ಯಾಂಡ್, ಮಣಿಪುರಗಳಲ್ಲಿ ಹುಣ್ಣು ಬಿದ್ದು, ಗ್ಯಾಂಗ್ರೀನ್ ಆಗಿ ಬೆರಳು, ಕೈ, ಕಾಲು ಕತ್ತರಿಸಿಕೊಂಡವರು ಒಬ್ಬಿಬ್ಬರಲ್ಲ. ಅದರಲ್ಲಿದ್ದ ಡೆಕ್ಸ್ಟ್ರೋಪ್ರೊಪಾಕ್ಸಿಫಿನ್ ಔಷಧವನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2013ರಲ್ಲಿ. ಹೆರಾಯಿನ್ ದಾರಿಯನ್ನಷ್ಟೇ ಬಂದ್ ಮಾಡಿದರೆ ಜನ ಅದಕ್ಕಿಂತ ಕೆಟ್ಟದ್ದರ ಕಡೆ ಹೊರಳಬಲ್ಲರು. ಪ್ರತಿ ಸಲ ಕ್ವಿಂಟಲುಗಟ್ಟಲೆ ಮಾಲು ವಶಪಡಿಸಿಕೊಂಡ ಫೋಟೊ ಪತ್ರಿಕೆಯಲ್ಲಿ ಬಂದಾಗ ನನಗೆ ಆ ನೀಲಿ ಕ್ಯಾಪ್ಸೂಲು ನೆನಪಾಗುತ್ತದೆ.

ವೈರಸ್‌ಗಳ ಪೈಕಿ ಎಚ್‌ಐವಿಗೆ ಸಿಕ್ಕ ಪ್ರಚಾರ ಹೆಪಟೈಟಿಸ್ ಸಿಗೆ ಸಿಗಲಿಲ್ಲ. 1989ರಲ್ಲಿ ಗುರುತು ಸಿಕ್ಕ ಈ ವೈರಸ್ ಎಚ್‌ಐವಿಗಿಂತ ಗಟ್ಟಿಪಿಂಡ. ಬಳಸಿದ ಸಿರಿಂಜಿನಲ್ಲಿ ಅದು ಅನುಕೂಲ ಪರಿಸ್ಥಿತಿಯಲ್ಲಿ 63 ದಿನಗಳವರೆಗೂ ಬದುಕಿರಬಲ್ಲದು ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ತೋರಿಸಿದೆ. ಸೂಜಿಯಷ್ಟೇ ಅಲ್ಲ, ಹಂಚಿಕೊಂಡ ನೀರು, ಚಮಚ, ಹತ್ತಿಯಿಂದಲೂ ದಾಟುತ್ತದೆ. ‘ನಾನು ಯಾವತ್ತೂ ಸೂಜಿ ಹಂಚಿಕೊಂಡಿಲ್ಲ’ ಎನ್ನುವವರಲ್ಲೂ ಸಿಗುವುದು ಇದಕ್ಕೇ. ಇಪ್ಪತ್ತು ವರ್ಷ ಯಾವ ಸುಳಿವೂ ಕೊಡದೆ ಯಕೃತ್ತನ್ನು ಗಟ್ಟಿಯಾಗಿಸುತ್ತದೆ, ಆಮೇಲೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕೆಲವರಿಗೆ ಕ್ಯಾನ್ಸರ್. ಯೌವನದಲ್ಲಿ ಒಂದೆರಡು ವರ್ಷ ದಾರಿ ತಪ್ಪಿ, ಈಗ ಮನೆ ಮಕ್ಕಳೆಂದು ನೆಮ್ಮದಿಯಾಗಿರುವ ಐವತ್ತರ ಗೃಹಸ್ಥರಿಗೂ ಈ ಪರೀಕ್ಷೆ ಬೇಕು. ಏಕೆಂದರೆ ಇದು ಈಗ ವಾಸಿಯಾಗುವ ಕಾಯಿಲೆ. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಿಂದ ವೈರಸ್ ಮಾಯ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ.

ಮಣಿಪುರ ಕೈಕಟ್ಟಿ ಕೂರಲಿಲ್ಲ. ಕುಡಿತದ ವಿರುದ್ಧ ರಾತ್ರಿ ಪಂಜು ಹಿಡಿದು ಕಾವಲು ನಿಂತಿದ್ದ ಮೈತೇಯಿ ತಾಯಂದಿರ ನಾಡು ಅದು. ಬೀದಿಗಿಳಿಯುವುದು ಅವರಿಗೆ ಹೊಸದಲ್ಲ. ಆದರೆ ದಾರಿ ತೋರಿಸಿದವರು ಸ್ವತಃ ವ್ಯಸನದಿಂದ ಹೊರಬಂದ ಹುಡುಗರು. ಅವರು ಇಂಫಾಲದಲ್ಲಿ ಕಟ್ಟಿದ ‘ಸಾಸೋ’ ಸಂಸ್ಥೆ, ಆಮೇಲೆ ಚುರಾಚಾಂದ್‌ಪುರದ ‘ಶಾಲೋಮ್’ ಯೋಜನೆ, ಗಾಯ ತೊಳೆದವು, ಹಳೆ ಸೂಜಿ ತೆಗೆದುಕೊಂಡು ಹೊಸದು ಕೊಟ್ಟವು. ವ್ಯಸನಿಗಳಿಗೆ ಸೂಜಿ ಹಂಚುವುದೇ ಎಂದು ಹುಬ್ಬೇರಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. 1996ರಲ್ಲಿ ಮಣಿಪುರ ಸರ್ಕಾರ ತನ್ನದೇ ಏಡ್ಸ್ ನೀತಿ ರೂಪಿಸಿ, ಹಾನಿ ತಗ್ಗಿಸುವ ಈ ಕೆಲಸಕ್ಕೆ ಮುದ್ರೆ ಒತ್ತಿತು. 90ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಚುಚ್ಚುಮದ್ದು ವ್ಯಸನಿಗಳ ಪೈಕಿ ಹತ್ತರಲ್ಲಿ ಏಳು ಮಂದಿಗೆ ಎಚ್‌ಐವಿ ಇದ್ದದ್ದು ಮುಂದಿನ ದಶಕದಲ್ಲಿ ಕಾಲುಭಾಗಕ್ಕೆ ಇಳಿಯಿತು. ಸತ್ತವರು ಲೆಕ್ಕದಿಂದ ಹೊರಗೆ ಹೋದದ್ದೂ ಈ ಇಳಿಕೆಯಲ್ಲಿ ಸೇರಿದೆ, ಅದನ್ನು ಮರೆಯುವಂತಿಲ್ಲ. ಸೂಜಿ ಹಂಚಿದ್ದರಿಂದ ವ್ಯಸನ ಹೆಚ್ಚಾಗುತ್ತದೆ ಎಂಬ ಭಯ ಮಾತ್ರ ಜಗತ್ತಿನ ಹಲವು ಕಡೆಯ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಭುಗಿಲೆದ್ದ ಜನಾಂಗೀಯ ಹಿಂಸೆಯ ನಂತರ ಕಣಿವೆ ಮತ್ತು ಗುಡ್ಡದ ನಡುವಿನ ರಸ್ತೆಗಳೇ ಜನರಿಗೆ ಮುಚ್ಚಿದವು. ದಿನವೂ ಔಷಧ ತೆಗೆದುಕೊಳ್ಳಬೇಕಾದವರಿಗೆ ರಸ್ತೆ ಮುಚ್ಚುವುದೆಂದರೆ ಏನು ಎಂದು ವಿವರಿಸಬೇಕಿಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ವರದಿ ಇದೆ. ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಾದಕ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಅಂಥವರು ಹೆಚ್ಚಾಗಿರುವ ರಾಜ್ಯಗಳ ಪಟ್ಟಿಯಲ್ಲಿ ಪಂಜಾಬ್, ದೆಹಲಿ, ಮಣಿಪುರಗಳ ಜೊತೆ ಕರ್ನಾಟಕದ ಹೆಸರೂ ಇದೆ. 2017ರ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.22, ಚುಚ್ಚಿಕೊಳ್ಳುವವರಲ್ಲಿ ಶೇ 6.26. ನಮ್ಮ ನಗರಗಳಲ್ಲಿ ಹೆರಾಯಿನ್‌ಗಿಂತ ಹೆಚ್ಚು ಸದ್ದು ಮಾಡುತ್ತಿರುವುದು ಟಪೆಂಟಡಾಲ್ ಎಂಬ ನೋವಿನ ಮಾತ್ರೆ. ಅದನ್ನೂ ಚುಚ್ಚಿಕೊಳ್ಳುತ್ತಿರುವ ಪ್ರಕರಣಗಳು ವರದಿಯಾಗಿವೆ. ಮಾತ್ರೆಗೆ ಆಕಾರ ಕೊಡಲು ಬೆರೆಸುವ ಟಾಲ್ಕ್, ಪಿಷ್ಟಗಳು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯುತ್ತವೆ. ಹೊರತೆಗೆಯುವ ಔಷಧ ಇಲ್ಲ. ಮಿಜೋರಾಂನ ನೀಲಿ ಕ್ಯಾಪ್ಸೂಲಿನ ಪಾಠ ನಾವು ಇನ್ನೊಮ್ಮೆ ಕಲಿಯಬೇಕೇ?

ಮನೆಯವರು ಸಾಮಾನ್ಯವಾಗಿ ಮಾಡುವುದು ಮಗನನ್ನು ಎಲ್ಲೋ ದೂರದ ‘ಕೇಂದ್ರ’ಕ್ಕೆ ಸೇರಿಸಿ ಮೂರು ತಿಂಗಳು ಕಣ್ಮರೆಯಾಗಿಸುವುದು. ಅಂಥ ಕೇಂದ್ರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವ್ಯಸನದ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಅದರ ಪ್ರಕಾರ ಅಪರಾಧ. ಇನ್ನೊಂದು ಅಪಾಯ ಹೊರಬಂದ ಮೇಲಿನದು. ಮೂರು ತಿಂಗಳು ಮಾದಕ ಮುಟ್ಟದ ದೇಹ ತನ್ನ ಸಹಿಷ್ಣುತೆ ಕಳೆದುಕೊಂಡಿರುತ್ತದೆ. ಹಳೆಯ ಗೆಳೆಯ ಸಿಕ್ಕು, ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದು ಈಗ ಕೊಲ್ಲುವ ಪ್ರಮಾಣ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದ 2007ರ ಅಧ್ಯಯನವೊಂದರಲ್ಲಿ, ಮೊದಲ ಎರಡು ವಾರಗಳಲ್ಲಿ ಓವರ್‌ಡೋಸ್ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಇತ್ತು. ‘ಪೂರ್ತಿ ಸರಿಯಾಗಿ ಬಂದಿದ್ದಾನೆ’ ಎಂದು ಮನೆಯವರು ಪಾಯಸ ಮಾಡುವ ವಾರ ಅದು. ಆಗಲೇ ಜಾಗ್ರತೆ ಹೆಚ್ಚು ಬೇಕು.

ಬುಪ್ರಿನಾರ್ಫಿನ್‌ನಂಥ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ವರ್ಷಗಟ್ಟಲೆ ಮುಂದುವರಿಸುವ ಚಿಕಿತ್ಸೆ ಈ ಸಾವುಗಳನ್ನು ತಗ್ಗಿಸುತ್ತದೆ. ‘ಒಂದು ಚಟ ಬಿಡಿಸಲು ಇನ್ನೊಂದು ಚಟವೇ?’ ಎಂಬ ಆಕ್ಷೇಪ ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಎಷ್ಟು ದಿನ ಎಂದು ನಾವು ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14446 ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಮಾನಸಿಕ ನೆರವಿಗೆ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ ಎಂಬ ಹೆದರಿಕೆಯೇ ಬಹಳ ಜನರನ್ನು ಹತ್ತು ದಿನ ತಡ ಮಾಡಿಸುತ್ತದೆ. ಮಾದಕವಸ್ತು ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸುವ ವ್ಯಸನಿಗೆ ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸಾಗಬಹುದು, ಇದನ್ನೂ ತಿಳಿದಿರಬೇಕು. ಪೊಲೀಸ್ ಠಾಣೆಯ ಗೋಡೆಗಳಲ್ಲಿ ಮಾದಕ ವಿರೋಧಿ ಘೋಷಣೆಗಳಿಗೆ ಜಾಗವಿದೆ. ಈ ಕಲಮನ್ನು ಬರೆದು ಹಾಕಿದ ಗೋಡೆಯನ್ನು ನಾನಿನ್ನೂ ನೋಡಿಲ್ಲ.